ಸ್ಪ್ಯಾನಿಷ್ ಬಲ್ಲವರು ಕತಲಾನ್ ಓದುವುದರಿಂದ ಹೊಸದಾಗಿ ದಕ್ಕುವುದೇನು?

ಪ್ರಶ್ನೆ:
ನಾನು ಪದವಿಯಲ್ಲಿ ಎರಡು ವರ್ಷ ಸ್ಪ್ಯಾನಿಷ್ ಓದಿದ್ದೇನೆ. ಮುಂದಿನ ವರ್ಷ, ಸ್ಪೇನಿನ ಬಾರ್ಸೆಲೋನಾ ಇರುವ ಕತಲೋನಿಯಾ ಪ್ರದೇಶದ ಕತಲಾನ್ ಭಾಷೆ ಮತ್ತು ಸಂಸ್ಕೃತಿಯನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವ ಅವಕಾಶವಿದೆ. ಬಾರ್ಸೆಲೋನಾದಲ್ಲಿ ಸ್ಪ್ಯಾನಿಷ್ ಎಲ್ಲರಿಗೂ ಬರುತ್ತದೆ, ಇದು ವ್ಯರ್ಥ ಶ್ರಮ ಎಂದು ಸಹಪಾಠಿಗಳು ಹೇಳುತ್ತಾರೆ. ಎರಡೂ ಭಾಷೆಗಳು ತಲೆಯಲ್ಲಿ ಕಲಸಿಹೋಗುವುದಿಲ್ಲವೇ? ಓದಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲ ಕೆಲವು ತಿಂಗಳು ಖಂಡಿತ ಕಲಸಿಹೋಗುತ್ತವೆ. ನನ್ನನ್ನು ಹೆಚ್ಚು ಕಾಡಿದ್ದು ಭೂತಕಾಲ. ಸ್ಪ್ಯಾನಿಷಿನಲ್ಲಿ ‘ಬೊಯ್ ಆ ಕಂತಾರ್’ ಎಂದರೆ ‘ಹಾಡಲಿದ್ದೇನೆ’ ಎಂದರ್ಥ. ಕತಲಾನಿನಲ್ಲಿ ಅದೇ ‘ಹೋಗು’ ಎಂಬ ಕ್ರಿಯಾಪದದ ರೂಪವನ್ನು ಮುಂದಿಟ್ಟು ‘ಬಾಚ್ ಕಂತಾ’ ಎಂದರೆ ‘ಹಾಡಿದೆ’ ಎಂದಾಗುತ್ತದೆ. ಸ್ಪ್ಯಾನಿಷಿನ ನೆರಳಲ್ಲಿ ಓದುವವರು ನಿನ್ನೆಯದನ್ನು ನಾಳೆಯದೆಂದು ತಿಳಿಯುವುದು ಇಲ್ಲಿಯೇ. ಕನ್ನಡಿಗರಿಗೆ ಸುಲಭವಾಗುವ ಸಂಗತಿಯೂ ಒಂದಿದೆ: ಎರಡು ‘ಎಲ್’ ಅಕ್ಷರಗಳ ನಡುವೆ, ಸಾಲಿನಿಂದ ತುಸು ಮೇಲೆ, ಒಂದು ಚುಕ್ಕೆಯಿದ್ದರೆ ಅದರ ಉಚ್ಚಾರ ನಮ್ಮ ‘ಲ್ಲ’ ಒತ್ತಕ್ಷರದ್ದು. ಚುಕ್ಕೆಯಿಲ್ಲದ ಜೋಡಿ ‘ಎಲ್’ ಬೇರೆಯೇ ಧ್ವನಿ, ಸುಮಾರಾಗಿ ‘ಲ್ಯ’.

ಉತ್ತರ 2:
ಆ ಕಾಗುಣಿತದ ಹಿಂದಿನ ಚರಿತ್ರೆಯನ್ನು ಓದುವುದಕ್ಕಾಗಿಯಾದರೂ ಈ ವಿಷಯವನ್ನು ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. 1907ರಲ್ಲಿ ಸ್ಥಾಪನೆಯಾದ ಕತಲಾನ್ ಅಧ್ಯಯನ ಸಂಸ್ಥೆ 1913ರಲ್ಲಿ ಕಾಗುಣಿತದ ನಿಯಮಗಳನ್ನು ಪ್ರಕಟಿಸಿತು. ಆ ಕೆಲಸದ ಮುಂದಾಳಾಗಿದ್ದ ಪೊಂಪೆಉ ಫಾಬ್ರಾ ಓದಿದ್ದು ಎಂಜಿನಿಯರಿಂಗ್. ಆದರೂ 1918ರಲ್ಲಿ ವ್ಯಾಕರಣವನ್ನೂ 1932ರಲ್ಲಿ ನಿಘಂಟನ್ನೂ ಕೊಟ್ಟು, ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುತ್ತಿದ್ದ ಭಾಷೆಗೆ ಒಂದು ಸ್ಥಿರ ರೂಪ ತಂದವರು ಅವರೇ. 1939ರಲ್ಲಿ ಸ್ಪೇನಿನ ಅಂತರ್ಯುದ್ಧವನ್ನು ಸರ್ವಾಧಿಕಾರಿ ಫ್ರಾಂಕೊ ಗೆದ್ದ ಮೇಲೆ ಕತಲಾನ್ ಶಾಲೆ, ಕಚೇರಿಗಳಿಂದ ಹೊರಬಿತ್ತು. ಗಡಿ ದಾಟಿಹೋದ ಫಾಬ್ರಾ 1948ರಲ್ಲಿ ಫ್ರಾನ್ಸಿನ ಪ್ರಾದಾ ಎಂಬ ಊರಿನಲ್ಲಿ ತೀರಿಕೊಂಡರು. 1990ರಲ್ಲಿ ಬಾರ್ಸೆಲೋನಾದಲ್ಲಿ ಅವರ ಹೆಸರಿನಲ್ಲೇ ಒಂದು ವಿಶ್ವವಿದ್ಯಾಲಯ ಆರಂಭವಾಯಿತು. ಮನೆಯೊಳಗೆ ಉಳಿದುಕೊಂಡ ಭಾಷೆಯೊಂದು ಮತ್ತೆ ತರಗತಿಗೆ ಬಂದ ಬಗೆಯನ್ನು ಸ್ಪ್ಯಾನಿಷ್ ಪಠ್ಯದ ಅಡಿಟಿಪ್ಪಣಿಯಲ್ಲಿ ತಿಳಿಯಲಾಗದು.

ಉತ್ತರ 3:
ಒಂದು ತಿದ್ದುಪಡಿ. ಈ ಭಾಷೆಯನ್ನು ಬಾರ್ಸೆಲೋನಾಕ್ಕೆ ಸೀಮಿತಗೊಳಿಸಬೇಡಿ. ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಪುಟ್ಟ ದೇಶ ಅಂಡೋರಾದ ಏಕೈಕ ಅಧಿಕೃತ ಭಾಷೆ ಕತಲಾನ್. ಸ್ಪೇನಿನ ಬಾಲೆಆರಿಕ್ ದ್ವೀಪಗಳಲ್ಲಿ, ಫ್ರಾನ್ಸಿನ ಪೆರ್ಪಿನ್ಯಾನ್ ಸುತ್ತಮುತ್ತ, ಇಟಲಿಯ ಸಾರ್ಡಿನಿಯಾದ ಆಲ್ಗೇರೊ ಪಟ್ಟಣದಲ್ಲೂ ಇದನ್ನಾಡುವವರಿದ್ದಾರೆ. ಸ್ಪೇನಿನದೇ ಆದ ವಲೆನ್ಸಿಯಾ ಪ್ರದೇಶದಲ್ಲಿ ಇದರ ಹೆಸರೇ ವಲೆನ್ಸಿಯನ್. ಅಲ್ಲಿನವರೊಡನೆ ಮಾತನಾಡುವಾಗ ಆ ಹೆಸರನ್ನೇ ಬಳಸುವುದು ಮರ್ಯಾದೆ.

ವಿನಿಮಯ ವಿದ್ಯಾರ್ಥಿಯಾಗಿ ಕತಲೋನಿಯಾಕ್ಕೆ ಹೋಗುವ ಯೋಚನೆಯಿದ್ದರೆ, ಅಲ್ಲಿ ಅನೇಕ ಪಾಠಗಳು ಕತಲಾನಿನಲ್ಲೇ ನಡೆಯುವುದರಿಂದ, ಆಯ್ಕೆಗೆ ಮುನ್ನ ಪ್ರತಿ ವಿಷಯದ ಬೋಧನಾ ಭಾಷೆಯನ್ನು ನೋಡಿಕೊಳ್ಳಿ. ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಕತಲಾನ್ ಬೋಧನೆಗೆ ರಾಮೋನ್ ಲ್ಯುಲ್ಯ್ ಸಂಸ್ಥೆ ನೆರವು ನೀಡುತ್ತದೆ. ಮಟ್ಟವಾರು ಪ್ರಮಾಣಪತ್ರದ ಪರೀಕ್ಷೆಗಳನ್ನೂ ನಡೆಸುತ್ತದೆ. ಸ್ಪ್ಯಾನಿಷ್ ಅಡಿಪಾಯವಿರುವ ನಿಮಗೆ ಓದಿ ಗ್ರಹಿಸುವುದು ಬೇಗ ಕೈಗೂಡುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಕೇಳುವ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಉಚ್ಚಾರದಲ್ಲಿ ಒತ್ತು ಬೀಳದ ಸ್ವರಗಳು ಬಾರ್ಸೆಲೋನಾದವರ ಬಾಯಲ್ಲಿ ಬರವಣಿಗೆಯಲ್ಲಿದ್ದಂತೆ ಕೇಳಿಸುವುದಿಲ್ಲ.