ನಂಬರ್ ಪ್ಲೇಟ್ ಇಲ್ಲದ ವಿಮಾನ ನಿಲ್ದಾಣದ ಅಗ್ನಿಶಾಮಕ ವಾಹನ ರಸ್ತೆಗೆ ಬರಬಹುದೇ?

ಪ್ರಶ್ನೆ (ಚಿಕ್ಕಬಳ್ಳಾಪುರ, ದ್ರಾಕ್ಷಿ ಸಾಗಣೆ ಲಾರಿಯ ಮಾಲೀಕರು): ಕಳೆದ ವಾರ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದಾಗ, ತಗ್ಗು ಟ್ರೈಲರ್ ಮೇಲೆ ಒಂದು ದೈತ್ಯ ಅಗ್ನಿಶಾಮಕ ವಾಹನ ದೇವನಹಳ್ಳಿ ದಿಕ್ಕಿಗೆ ಹೋಗುತ್ತಿತ್ತು. ಹಸಿರು ಮಿಶ್ರಿತ ಹಳದಿ ಬಣ್ಣ, ಸುತ್ತಲೂ ಹೊಳೆಯುವ ಪಟ್ಟಿ, ಎದೆಯೆತ್ತರದ ಚಕ್ರಗಳು. ನಂಬರ್ ಪ್ಲೇಟ್ ಮಾತ್ರ ಕಾಣಲಿಲ್ಲ. ಅದಕ್ಕೇ ಚಕ್ರವಿರುವಾಗ ಟ್ರೈಲರ್ ಏಕೆ? ನಂಬರ್ ಇಲ್ಲದಿರುವುದು ಕಾನೂನಿಗೆ ಒಪ್ಪುತ್ತದೆಯೇ?

ಉತ್ತರ (ವಿಮಾನ ನಿಲ್ದಾಣಗಳ ಅಗ್ನಿಶಾಮಕ ವಾಹನಗಳ ನಿರ್ವಹಣೆ ನನ್ನ ವೃತ್ತಿ): ಟ್ರೈಲರ್ ಮೇಲೆ ಹೇರಿ ತಂದದ್ದೇ ಸರಿ. ಕಾರ್ಖಾನೆ ಅಥವಾ ಬೇರೆ ಯಾವುದೇ ಮುಚ್ಚಿದ ಆವರಣದೊಳಗಿನ ಬಳಕೆಗೆ ಮಾತ್ರ ರೂಪಿಸಿದ ವಿಶೇಷ ವಾಹನವನ್ನು 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ ‘ಮೋಟಾರು ವಾಹನ’ದ ವ್ಯಾಖ್ಯೆಯಿಂದಲೇ ಹೊರಗಿಡುತ್ತದೆ. ಆದರೆ 39ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ಪ್ರತಿ ಮೋಟಾರು ವಾಹನಕ್ಕೂ ನೋಂದಣಿ ಬೇಕು. ಬೇಲಿಯೊಳಗೆ ಬಾಳುವ ವಾಹನ ಬೇಲಿ ದಾಟಬೇಕಾದಾಗ ಸರಕಾಗಿ ದಾಟುತ್ತದೆ. ಆಗ ರಸ್ತೆಯ ಕಾನೂನು ಅನ್ವಯಿಸುವುದು ಟ್ರೈಲರಿಗೆ. ಸರಕು ಮಿತಿಮೀರಿದ ಅಗಲದ್ದಾದ್ದರಿಂದ ಅದಕ್ಕೆ ಪ್ರತ್ಯೇಕ ಅನುಮತಿಯನ್ನೂ ಪಡೆಯಬೇಕು.

ಹಾಗಿದ್ದರೆ ನೋಂದಣಿ ಮಾಡಿಸಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಸಾಮಾನ್ಯ ಲಾರಿ ಚಾಸಿಯ ಮೇಲೆ ಕಟ್ಟಿದ ಸಣ್ಣ ವಾಹನವಾದರೆ ಅದಕ್ಕೆ ದಾರಿಯಿದೆ. ನೀವು ಕಂಡಂಥದ್ದಕ್ಕೆ ಅಳತೆಯೇ ಅಡ್ಡ ಬರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಂತೆ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ಆರು ಚಕ್ರದ ದೊಡ್ಡ ವಿಮಾನ ನಿಲ್ದಾಣ ವಾಹನಗಳು ಸುಮಾರು 3 ಮೀಟರ್ ಅಗಲವಿರುತ್ತವೆ. ಇನ್ನು ತೂಕ. ನಮ್ಮಲ್ಲಿ ಮೂರು ಅಚ್ಚಿನ ಲಾರಿಗೆ 2018ರ ಪರಿಷ್ಕರಣೆಯ ನಂತರ ಒಟ್ಟು 28.5 ಟನ್ ಮಿತಿ. ಈ ವಾಹನಗಳು ನೀರು, ನೊರೆ ದ್ರಾವಣ ತುಂಬಿಕೊಂಡರೆ 35 ಟನ್ ದಾಟುವುದು ಸಾಮಾನ್ಯ. ಅಚ್ಚಿಗೆ ಎರಡೇ ಟೈರು ಬೇರೆ.

ಇಷ್ಟು ದಪ್ಪಗೆ ಏಕೆ ಕಟ್ಟುತ್ತಾರೆ ಎಂದರೆ, ಅದಕ್ಕೆ ಒಪ್ಪಿಸಿರುವ ಕೆಲಸವೇ ಅಂಥದ್ದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದ ಪ್ರಕಾರ ರನ್‌ವೇಯ ಯಾವುದೇ ಬಿಂದುವಿಗೆ ಮೂರು ನಿಮಿಷದೊಳಗೆ ತಲುಪಿ ನೊರೆ ಹಾಯಿಸಬೇಕು; ಎರಡು ನಿಮಿಷ ಅಪೇಕ್ಷಣೀಯ. ದೇವನಹಳ್ಳಿಯ ನಿಲ್ದಾಣದ ರನ್‌ವೇಗಳು ತಲಾ 4,000 ಮೀಟರ್ ಉದ್ದ ಇವೆ ಎಂಬುದನ್ನು ಜೊತೆಗಿಟ್ಟು ನೋಡಿ. 4,500 ಲೀಟರಿಗಿಂತ ಹೆಚ್ಚು ನೀರು ಹೊರುವ ವಾಹನ 40 ಸೆಕೆಂಡಿನೊಳಗೆ 80 ಕಿಲೋಮೀಟರ್ ವೇಗ ಮುಟ್ಟಬೇಕು, ಹುಲ್ಲು ಕೆಸರಿನಲ್ಲೂ ಹೂತುಕೊಳ್ಳದೆ ಸಾಗಬೇಕು. ಈ ಗುಣಗಳನ್ನು 2.6 ಮೀಟರಿನೊಳಗೆ ತುರುಕಲು ಹೋದರೆ ಅವಸರದ ತಿರುವಿನಲ್ಲಿ ಮಗುಚುವ ವಾಹನ ಸಿಗುತ್ತದೆ.

ಪ್ರಶ್ನೆ (ಶಿಡ್ಲಘಟ್ಟ): ಬೆಂಕಿ ವಾಹನ ಎಂದರೆ ಕೆಂಪು. ಇದಕ್ಕೇಕೆ ಹಳದಿ-ಹಸಿರು? ಹೊಳೆಯುವ ಪಟ್ಟಿ ಇದ್ದ ಮೇಲೆ ಬಣ್ಣ ಯಾವುದಾದರೇನು?

ಉತ್ತರ: ಬಣ್ಣದ ಕೆಲಸ ಬೇರೆ, ಪಟ್ಟಿಯ ಕೆಲಸ ಬೇರೆ. ತುರ್ತು ವಾಹನಗಳಿಗೆ ಕೆಂಪು ಅಥವಾ ಹಳದಿ ಮಿಶ್ರಿತ ಹಸಿರು, ಎರಡರಲ್ಲಿ ಯಾವುದನ್ನಾದರೂ ಅದೇ 14ನೇ ಅನುಬಂಧ ಒಪ್ಪುತ್ತದೆ. ನನ್ನ ಆಯ್ಕೆ ಎರಡನೆಯದು, ಕಾರಣ ಕಣ್ಣಿನಲ್ಲಿದೆ. ಹಗಲಿನಲ್ಲಿ ನಮ್ಮ ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್ ಸುತ್ತಲಿನ ಹಳದಿ-ಹಸಿರು ಬೆಳಕಿಗೆ. ಬೆಳಕು ಕುಂದಿದಂತೆ ಆ ಸೂಕ್ಷ್ಮತೆ 507ರ ಕಡೆಗೆ ಸರಿಯುತ್ತದೆ, ಕೆಂಪು ಕಪ್ಪಾಗತೊಡಗುತ್ತದೆ. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಎಲೆಗಿಂತ ಮೊದಲು ಮಸುಕಾಗುವುದು ಇದರಿಂದಲೇ.

ಪಟ್ಟಿಯಲ್ಲಿ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ಅವು ಹಿಂತಿರುಗಿಸುತ್ತವೆ. ಹಾಗಾಗಿ ಹೆಡ್‌ಲೈಟ್ ಹಿಂದೆ ಕುಳಿತವನಿಗೆ ಪಟ್ಟಿ ಧಗಧಗಿಸುತ್ತದೆ. ಹತ್ತು ಹೆಜ್ಜೆ ಪಕ್ಕದಲ್ಲಿ ಬರಿಗೈಯಲ್ಲಿ ನಿಂತವನಿಗೆ ಅದು ಬೂದು ಬಟ್ಟೆಯ ಚೂರು. ಎತ್ತರದ ಕಂಟ್ರೋಲ್ ಟವರಿನಲ್ಲಿರುವವರಿಗೂ ಪಟ್ಟಿಯಿಂದ ಏನೂ ಸಿಗುವುದಿಲ್ಲ. ಅವರಿಗಾಗಿ ಇರುವುದು ನೆತ್ತಿಯ ಮೇಲಿನ ಮಿನುಗುವ ನೀಲಿ ದೀಪ. ಬಣ್ಣ ಹಗಲು ಮತ್ತು ಮುಸ್ಸಂಜೆಗೆ, ಪಟ್ಟಿ ರಾತ್ರಿ ಎದುರಾಗುವ ಚಾಲಕನಿಗೆ, ದೀಪ ಎಲ್ಲರಿಗೂ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ.

ಪ್ರಶ್ನೆ (ನಂದಿ ಹೋಬಳಿ): ದೇವರು ಹಾಗೆ ಮಾಡದಿರಲಿ, ವಿಮಾನ ನಮ್ಮ ಹೊಲದ ಕಡೆ ಬಿದ್ದರೆ ಈ ವಾಹನ ಬರುತ್ತದೆಯೇ, ಅಥವಾ ನೋಂದಣಿ ಇಲ್ಲವೆಂದು ಗೇಟಿನಲ್ಲೇ ನಿಲ್ಲುತ್ತದೆಯೇ?

ಉತ್ತರ: ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿದ್ದ ಏರ್‌ಬಸ್ ಎ320 ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು; 92 ಜನ ತೀರಿಕೊಂಡರು. 2010ರ ಮೇ 22ರಂದು ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗುರುಳಿದ ವಿಮಾನದಲ್ಲಿ 158 ಜನರನ್ನು ಕಳೆದುಕೊಂಡೆವು. ಬೇಲಿಯ ಹೊರಗಿನ ದುರಂತ ನಮ್ಮ ರಾಜ್ಯಕ್ಕೆ ಕಂಡರಿಯದ ಮಾತಲ್ಲ.

ನಿಲ್ದಾಣದ ತುರ್ತು ಯೋಜನೆ ಸುತ್ತಲಿನ ಪ್ರದೇಶವನ್ನೂ ಒಳಗೊಂಡಿರುತ್ತದೆ; ನಿಲ್ದಾಣದಿಂದ ಸುಮಾರು 8 ಕಿಲೋಮೀಟರ್ ದೂರದವರೆಗಿನ, ಚೌಕ ಹಾಕಿದ ನಕ್ಷೆ ಇಟ್ಟುಕೊಳ್ಳುವುದು ರೂಢಿ. ಜೀವ ಉಳಿಸುವ ಹೊತ್ತಿನಲ್ಲಿ ನಂಬರ್ ಪ್ಲೇಟ್ ಯಾರೂ ಕೇಳುವುದಿಲ್ಲ. ಆದರೆ ಹಳ್ಳಿಯ ಮೋರಿ ತೂಕ ಕೇಳುತ್ತದೆ, ಓಣಿ ಅಗಲ ಕೇಳುತ್ತದೆ. ಜೊತೆಗೆ ಒಳಗಿರಬೇಕಾದ ವಾಹನ ಹೊರಗೆ ಹೋದರೆ ನಿಲ್ದಾಣದ ಅಗ್ನಿರಕ್ಷಣಾ ವರ್ಗ, ಅಂದರೆ ಎಷ್ಟು ದೊಡ್ಡ ವಿಮಾನಕ್ಕೆ ಅದು ರಕ್ಷಣೆ ಕೊಡಬಲ್ಲದು ಎಂಬ ದರ್ಜೆ, ಇಳಿಯುತ್ತದೆ, ಆಕಾಶದಲ್ಲಿರುವ ದೊಡ್ಡ ವಿಮಾನಗಳು ಅಲ್ಲಿ ಇಳಿಯುವುದು ಕಷ್ಟವಾಗುತ್ತದೆ. ಹಾಗಾಗಿ ಎಷ್ಟು ವಾಹನ ಕಳುಹಿಸಬೇಕು ಎಂಬುದನ್ನು ನಿಲ್ದಾಣದವರು ಅಳೆದು ತೂಗಿ ನಿರ್ಧರಿಸುತ್ತಾರೆ. ನಂದಿಯ ತಪ್ಪಲಿನ ಕಿರಿದಾದ ದಾರಿಗೆ ರಾಜ್ಯ ಅಗ್ನಿಶಾಮಕ ಇಲಾಖೆಯ ಸಣ್ಣ ವಾಹನವೇ ಬೇಗ ಒದಗುತ್ತದೆ. ಅದಕ್ಕೆ ದಾರಿ ಬಿಡಿ. ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಅಡಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು.

ಪ್ರಶ್ನೆ (ಚಿಂತಾಮಣಿ): ಚಳಿಗಾಲದ ಮಂಜಿನಲ್ಲಿ ಬೆಳಗಿನ ಜಾವ ಟೊಮೆಟೊ ಹೊರುತ್ತೇನೆ. ಅದೇ ಹಳದಿ-ಹಸಿರು ಪಟ್ಟಿ, ನೀಲಿ ಮಿನುಗು ದೀಪ ನನ್ನ ಲಾರಿಗೂ ಹಾಕಿಸಬಹುದೇ?

ಉತ್ತರ: ದೀಪ ಬೇಡವೇ ಬೇಡ. 2017ರ ಮೇ 1ರ ತಿದ್ದುಪಡಿಯ ನಂತರ ಕೆಂಪು, ನೀಲಿ, ಬಿಳಿ ಬಹುವರ್ಣದ ದೀಪ ಅಗ್ನಿಶಾಮಕ, ಪೊಲೀಸ್, ವಿಪತ್ತು ನಿರ್ವಹಣೆಯಂಥ ತುರ್ತು ಕರ್ತವ್ಯದ ವಾಹನಗಳಿಗೆ ಮೀಸಲು. ಪಟ್ಟಿಗೆ ನಮ್ಮ ನಿಯಮ ಸರಳ: ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಹಿಂದಿನಿಂದ ಬರುವವನಿಗೆ ನಿಮ್ಮ ಲಾರಿ ಯಾವ ಕಡೆ ಮುಖ ಮಾಡಿದೆ ಎಂದು ಹೇಳುವುದೇ ಈ ಬಣ್ಣಗಳು. ಅವುಗಳನ್ನು ಅದಲುಬದಲು ಮಾಡಬೇಡಿ. ಅಲಂಕಾರದ ರೇಡಿಯಂ ಸ್ಟಿಕ್ಕರ್ ಕೊಳ್ಳಬೇಡಿ, ಅನುಮೋದನೆಯ ಗುರುತು ಅಚ್ಚಾದ ಟೇಪನ್ನೇ ಕೇಳಿ ಪಡೆಯಿರಿ.

ಪಟ್ಟಿಯನ್ನು ಪರೀಕ್ಷಿಸಲು, ಕತ್ತಲಾದ ಮೇಲೆ ಲಾರಿಯಿಂದ ಮೂವತ್ತು ಮೀಟರ್ ಹಿಂದೆ ನಿಂತು, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಬೆಳಕು ಬಿಡಿ. ಟಾರ್ಚ್ ಸೊಂಟದ ಹತ್ತಿರವಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಉರಿಯದ ತುಂಡುಗಳು ಅಲ್ಲೇ ಗೊತ್ತಾಗುತ್ತವೆ. ಹೆಚ್ಚಾಗಿ ಕೆಳಗಿನ ಅಂಚು, ಚಕ್ರದ ಹಿಂದೆ ಕೆಂಪು ಮಣ್ಣು ಎರಚುವ ಜಾಗ.

ಪ್ರಶ್ನೆ (ಅವರೇ): ಡೀಸೆಲ್ ಹಾಕಿ ಒರೆಸಿದರೆ ಮಣ್ಣು ಬೇಗ ಹೋಗುತ್ತದೆ, ಸರಿಯೇ?

ಉತ್ತರ: ಸರಿಯಲ್ಲ. ಡೀಸೆಲ್, ಸೀಮೆಎಣ್ಣೆ ಟೇಪಿನ ಮೇಲ್ಪದರವನ್ನೂ ಅಂಟನ್ನೂ ಕೆಡಿಸುತ್ತವೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಅಂಚು ಎದ್ದು ಒಳಗೆ ನೀರು ಹೋಗಿ ಕಪ್ಪುಗಟ್ಟಿದ್ದರೆ ತೊಳೆದು ಪ್ರಯೋಜನವಿಲ್ಲ. ಆ ತುಂಡನ್ನು ಕಿತ್ತು, ಜಾಗವನ್ನು ಚೆನ್ನಾಗಿ ಒಣಗಿಸಿ, ಹೊಸದನ್ನು ಅಂಟಿಸಿ. ಮಂಜಿನ ಕಾಲ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.