ಹಿಂದುಸ್ತಾನಿ ಗಾಯನ ನಂಬಿ ಧಾರವಾಡದಲ್ಲೇ ಮನೆ ನಡೆಸಬಹುದಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನಗೆ 24 ವರ್ಷ. ಎಂಟು ವರ್ಷದಿಂದ ಧಾರವಾಡದಲ್ಲಿ ಗಾಯನ ಕಲಿಯುತ್ತಿದ್ದೇನೆ. ಈಗ ಸಂಗೀತದಲ್ಲಿ ಎಂಎ ಕೂಡ ಮುಗಿಯಿತು. ಬೆಂಗಳೂರಿಗೆ ಹೋಗಿ ಏನಾದರೂ ಕೆಲಸ ನೋಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಗುರುಗಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಇಲ್ಲೇ ಇದ್ದು ಸಂಗೀತದಿಂದ ಬದುಕುತ್ತಿರುವವರು ದಯವಿಟ್ಟು ಹೇಳಿ.

ಗಾಯಕಿ, ಧಾರವಾಡ: ಬದುಕಬಹುದು. ನಾನು ಹದಿನಾಲ್ಕು ವರ್ಷದಿಂದ ಬದುಕುತ್ತಿದ್ದೇನೆ. ಆದರೆ ಕಛೇರಿ ದುಡ್ಡು ನಂಬಬೇಡಿ. ನನ್ನ ಮನೆ ಬಾಡಿಗೆ ಕಟ್ಟುವುದು ಪಾಠದ ದುಡ್ಡು.

ಮೊದಮೊದಲು ನಾನು ಫೀ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ವಿದ್ಯೆ ಮಾರಿದ ಹಾಗೆ ಆಗುತ್ತೆ ಅನ್ನೋ ಅಳುಕು. ‘ನೀವೇ ನೋಡಿ ಕೊಡಿ’ ಅನ್ನುತ್ತಿದ್ದೆ. ದಸರಾ ರಜೆಯ ತಿಂಗಳು ಅರ್ಧ ಬರುತ್ತಿತ್ತು, ಶಾಲೆ ಪರೀಕ್ಷೆಯ ತಿಂಗಳು ಏನೂ ಬರುತ್ತಿರಲಿಲ್ಲ. ಈಗ ಸೇರುವ ದಿನವೇ ಹೇಳಿಬಿಡುತ್ತೇನೆ: 5ನೇ ತಾರೀಖಿನೊಳಗೆ ಫೀ, ಮಗು ರಜೆ ಹಾಕಿದರೂ ಪೂರ್ತಿ ಫೀ. ಇದರಿಂದ ಯಾರೂ ಬೇಜಾರಾಗಿಲ್ಲ. ಕೊಡಲು ಆಗದ ಇಬ್ಬರು ಮಕ್ಕಳಿಗೆ ಯಾವಾಗಲೂ ಜಾಗ ಇಟ್ಟಿರುತ್ತೇನೆ.

ಇನ್ನೊಂದು ಮಾತು. ಬೆಳಿಗ್ಗೆ 5ರಿಂದ 8 ನನ್ನ ರಿಯಾಜಿನ, ಅಂದರೆ ಅಭ್ಯಾಸದ ಹೊತ್ತು. ಒಂದು ವರ್ಷ ಅದನ್ನು ಬಿಟ್ಟುಕೊಟ್ಟೆ. ಅಮೆರಿಕದ ವಿದ್ಯಾರ್ಥಿಗಳಿಗೆ ನಮ್ಮ ಬೆಳಗಿನ ಹೊತ್ತೇ ಬೇಕಿತ್ತು, ದುಡ್ಡೂ ಚೆನ್ನಾಗಿ ಬರುತ್ತಿತ್ತು. ವರ್ಷ ಕಳೆದ ಮೇಲೆ ಗುರುಗಳ ಮುಂದೆ ತೋಡಿ ರಾಗ ಹಾಡಲು ಕೂತರೆ ಗಾಂಧಾರ ಸ್ವರ ನಿಲ್ಲಲೇ ಇಲ್ಲ. ತೋಡಿಯ ಗಾಂಧಾರ ಎಷ್ಟು ಇಳಿದಿರಬೇಕು ಅಂತ ನಿಮಗೆ ಗೊತ್ತಲ್ವಾ? ಗುರುಗಳು ಬೈಯಲಿಲ್ಲ. ‘ತಂಬೂರಿ ಇನ್ನೊಮ್ಮೆ ಶ್ರುತಿ ಮಾಡು’ ಅಂದರು. ತಂಬೂರಿ ಸರಿಯಾಗಿಯೇ ಇತ್ತು. ಮನೆಗೆ ಬಂದು ಅತ್ತೆ. ಮರುದಿನದಿಂದ ಬೆಳಗಿನ ಪಾಠ ನಿಲ್ಲಿಸಿದೆ.

ಆನ್‌ಲೈನ್ ಪಾಠ ಹೇಳುವುದಾದರೆ ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಹಾಕಿಕೊಳ್ಳಿ. ಇಲ್ಲದಿದ್ದರೆ ತಂಬೂರಿಯನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಬಿಡುತ್ತೆ. ಧ್ವನಿ ತಡವಾಗಿ ತಲುಪುವುದರಿಂದ ಜೊತೆಗೆ ಹಾಡಿಸಲು ಆಗುವುದಿಲ್ಲ. ತಬಲಾದ ಠೇಕಾ (ತಾಳದ ಬಡಿತ) ರೆಕಾರ್ಡ್ ಮಾಡಿ ಮೊದಲೇ ಕಳಿಸಿ.

ತಬಲಾ ಕಲಾವಿದ, ಹುಬ್ಬಳ್ಳಿ: ಸಾಥ್ ಕೊಡುವವರ, ಅಂದರೆ ಪಕ್ಕವಾದ್ಯದವರ ಕಷ್ಟವನ್ನೂ ಕೇಳಿ. ಹಾವೇರಿ ಕಡೆ ಒಂದೂರಲ್ಲಿ ಕಾರ್ಯಕ್ರಮ ಇತ್ತು. ಮುಗಿದಾಗ ರಾತ್ರಿ ಹನ್ನೊಂದೂವರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು, ಹಣದ ಮಾತೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಾಯಕರು ತಮ್ಮ ಜೇಬಿನಿಂದ 1,500 ರೂಪಾಯಿ ತೆಗೆದು ನನ್ನ ಕೈಗಿಟ್ಟರು. ಅವರ ಹತ್ತಿರ ಟಿಕೆಟ್ಟಿನ ದುಡ್ಡು ಮಾತ್ರ ಉಳಿಯಿತು. ಅವರು ಯಾವಾಗ ಕರೆದರೂ ನಾನು ಹೋಗುತ್ತೇನೆ. ಆದರೆ ಅವರಿಗೆ ಆ ಪರಿಸ್ಥಿತಿ ಬರಬಾರದಿತ್ತು.

ಒಪ್ಪಿಕೊಳ್ಳುವಾಗಲೇ ನಿಮ್ಮ ಗೌರವಧನ, ಸಾಥಿದಾರರ ಹಣ, ಪ್ರಯಾಣ ಖರ್ಚು ಬೇರೆ ಬೇರೆ ಬರೆದು ವಾಟ್ಸಾಪ್ ಮಾಡಿ. ಅರ್ಧ ಮುಂಗಡ ಕೇಳಿ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾರಾ ಅಂತಲೂ ಕೇಳಿ. ಅದಕ್ಕೆ ಕಲಾವಿದರ ಒಪ್ಪಿಗೆ ಬೇಕು ಅಂತ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಇದೆ.

ನಿವೃತ್ತ ಸಂಗೀತ ಶಿಕ್ಷಕ, ಗದಗ: ಎರಡು ಮೂರು ಕೆಲಸ ಮಾಡಿದರೆ ಸಂಗೀತ ಕೆಡುತ್ತೆ ಅಂತ ಯಾರಾದರೂ ಹೆದರಿಸಿದರೆ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನೆಸಿಕೊಳ್ಳಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಲು ನಾಟಕ ಕಂಪನಿ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದರು. ಮಲ್ಲಿಕಾರ್ಜುನ ಮನ್ಸೂರರು ಕಂಪನಿ ನಾಟಕದಲ್ಲಿ ಹಾಡಿದವರು, ಎಚ್‌ಎಂವಿ ರೆಕಾರ್ಡ್ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿದ್ದವರು, ಆಮೇಲೆ ಧಾರವಾಡ ಆಕಾಶವಾಣಿಯಲ್ಲಿ ಸಲಹೆಗಾರರಾಗಿದ್ದವರು. ಅವರ ಗಾಯನಕ್ಕೆ ಏನು ಕಡಿಮೆಯಾಯಿತು?

ಆಕಾಶವಾಣಿ ಆಡಿಷನ್ ಕೊಡಿ, ಪಾಸಾದರೆ ಕಲಾವಿದರಿಗೆ ಗ್ರೇಡ್ ಕೊಡುತ್ತಾರೆ. ಬಿ ಗ್ರೇಡಿಗೆ ದುಡ್ಡು ಜಾಸ್ತಿ ಇಲ್ಲ. ಆದರೂ ಹೊರಗಿನ ಸಂಘಟಕರು ಮೊದಲು ಕೇಳುವುದು ಗ್ರೇಡನ್ನೇ. ಆಮೇಲೆ ಬಿ-ಹೈ, ಎ ಅಂತ ಏರಬಹುದು.

ಪ್ರಶ್ನೆ ಕೇಳಿದವನು: ಎಲ್ಲರಿಗೂ ನಮಸ್ಕಾರ. ಅಕ್ಕ, ಇನ್ನೊಂದು ಕೇಳಬೇಕು. ಗುರುಗಳು ಇರುವ ಓಣಿಯಲ್ಲೇ ನಾನು ಪಾಠ ಶುರು ಮಾಡಿದರೆ ತಪ್ಪಾಗುತ್ತಾ?

ಗಾಯಕಿ, ಧಾರವಾಡ: ಹೋಗಿ ಅವರನ್ನೇ ಕೇಳಿ. ನಾನು ಕೇಳಿದಾಗ ನನ್ನ ಗುರುಗಳು, ತಮ್ಮ ಹತ್ತಿರ ಕಲಿಯಲು ಬಂದಿದ್ದ ಮೂರು ಚಿಕ್ಕ ಮಕ್ಕಳನ್ನು ನನ್ನ ಕಡೆ ಕಳಿಸಿದರು. ನನ್ನ ಮೊದಲ ವಿದ್ಯಾರ್ಥಿಗಳು ಅವರೇ.