ಹಿತ್ತಿಲಲ್ಲಿ ಸಿಕ್ಕ ಡೈನಮೊ ಯಾವ ಕಾರಿನದು?

(ವಾಟ್ಸಾಪ್ ಗುಂಪು: ದೊಡ್ಡಮನೆ ಬಳಗ)

ಹರ್ಷ: [ಫೋಟೊ] ಮೆಟಲ್ ಡಿಟೆಕ್ಟರ್ ಕೊನೆಗೂ ಕೂಗಿತು! ಹಳೇ ಕೊಟ್ಟಿಗೆ ಹಿಂದೆ, ಮೊಣಕಾಲುದ್ದ ಅಗೆದ ಮೇಲೆ ಸಿಕ್ಕಿತು. ಬಂಗಾರದ ಕೊಡ ಅಂದುಕೊಂಡೆ. ನೋಡಿದರೆ ತುಕ್ಕು ಹಿಡಿದ ಡಬ್ಬ, ಜೊತೆಗೊಂದು ಸ್ಪಾರ್ಕ್ ಪ್ಲಗ್.

ದೊಡ್ಡಪ್ಪ: ಅದು ಡೈನಮೊ ಕಣೋ, ಕಾರಿನ ಬ್ಯಾಟರಿ ಚಾರ್ಜ್ ಮಾಡೋದು! ನಮ್ಮಪ್ಪನ ಆಸ್ಟಿನ್ ಸೆವೆನ್‌ದು. 1937ರ ಗಾಡಿ. ಇಷ್ಟು ವರ್ಷ ಹೇಳಿದೆ, ಒಬ್ಬರೂ ನಂಬಲಿಲ್ಲ.

ಸುಧತ್ತೆ: ಆ ಆಸ್ಟಿನ್ ನೋಡಿದವನು ನೀನೊಬ್ಬನೇ ಅಣ್ಣ. ನನಗೆ ಗೊತ್ತಿರೋದು ಅಂಬಾಸಿಡರ್ ಮಾತ್ರ.

ಚಿಕ್ಕಪ್ಪ: ಹರ್ಷ, ಮೈಮೇಲೆ ಅಕ್ಷರ ಇದೆಯಾ ನೋಡು. ಎಮರಿ ಪೇಪರ್ ಹಾಕಬೇಡ, ಇರೋದೂ ಅಳಿಸಿಹೋಗುತ್ತೆ. ಸೀಮೆಎಣ್ಣೆಲಿ ನೆನೆಸಿ ಹಳೇ ಬ್ರಷ್‌ನಲ್ಲಿ ಉಜ್ಜು. ಆಮೇಲೆ ಚಾಕ್‌ಪೀಸ್ ಪುಡಿ ಸವರಿ ಒರೆಸು. ಗುಂಡಿಯಲ್ಲಿ ಉಳಿದ ಪುಡಿಯೇ ಅಕ್ಷರ.

ಅಮ್ಮ: ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ? ಡೀಸೆಲ್ ಸಾಕು. ಆ ಬ್ರಷ್ ಮತ್ತೆ ಬಚ್ಚಲಿಗೆ ತರಬೇಡ.

ಹರ್ಷ: [ಫೋಟೊ] ಬಂತು! ‘ಲ್ಯೂಕಾಸ್’, ಪಕ್ಕದಲ್ಲಿ ‘ಟಿವಿಎಸ್’. ಕೆಳಗೆ ‘ಸಿ 40’. ಒಂದು ಮೂಲೆಯಲ್ಲಿ ‘11 66’ ಅಂತ ಪಂಚ್ ಹೊಡೆದಿದ್ದಾರೆ.

ಚಿಕ್ಕಪ್ಪ: ಮುಗೀತು. ಲ್ಯೂಕಾಸ್ ಟಿವಿಎಸ್ ಶುರುವಾಗಿದ್ದೇ 1961ರಲ್ಲಿ, ಮದ್ರಾಸಿನಲ್ಲಿ. ಲ್ಯೂಕಾಸ್‌ನವರು ತಿಂಗಳೋ ವಾರವೋ ಮೊದಲು ಹೊಡೆದು, ಪಕ್ಕಕ್ಕೆ ವರ್ಷ ಹೊಡೆಯುತ್ತಿದ್ದರು. ಇದು 1966ರ ಮಾಲು.

ದೊಡ್ಡಪ್ಪ: ಅದು ಡೈನಮೊ ವಯಸ್ಸು, ಕಾರಿನ ವಯಸ್ಸಲ್ಲ! ಹಳೇದು ಸುಟ್ಟುಹೋಗಿ ಹೊಸದು ಹಾಕಿಸಿರಬಾರದಾ?

ನಾನು: ಈ ಮಾತು ಮಾತ್ರ ಒಪ್ಪಬೇಕು. ದೊಡ್ಡಪ್ಪ 1, ಚಿಕ್ಕಪ್ಪ 1.

ಸುಧತ್ತೆ: ಪ್ಲಗ್‌ನಲ್ಲಿ ಏನಿದೆ?

ಹರ್ಷ: ಬಿಳಿ ಪಿಂಗಾಣಿ ಮೇಲೆ ‘ಮೈಕೊ’.

ಚಿಕ್ಕಪ್ಪ: ನಮ್ಮ ಬೆಂಗಳೂರಿನದೇ, ಆಡುಗೋಡಿದು. ಆದರೆ ಅದರಿಂದ ಏನೂ ಬಗೆಹರಿಯಲ್ಲ. ಕಂಪನಿ 1951ರದು, ಬಾಷ್ ಅಂತ ಹೆಸರು ಬದಲಾಗಿದ್ದು 2008ರಲ್ಲಿ. ನಡುವೆ ಯಾವಾಗಿನದು ಬೇಕಾದರೂ ಆಗಬಹುದು. ಪ್ಲಗ್ ಬಿಡು. ಡೈನಮೊ ಮುಂದೆ ಪುಲ್ಲಿ ಇದೆಯಾ?

ಹರ್ಷ: ಇದೆ. ಬೆಲ್ಟ್ ಕೂರೋ ಕಾಲುವೆ ಚೆನ್ನಾಗಿ ಕಾಣುತ್ತೆ. ಫ್ಯಾನಿನ ರೆಕ್ಕೆ ಒಂದು ಮುರಿದಿದೆ.

ಚಿಕ್ಕಪ್ಪ: ಅಣ್ಣ, ಆಸ್ಟಿನ್ ಸೆವೆನ್‌ನಲ್ಲಿ ಡೈನಮೊಗೆ ಬೆಲ್ಟೇ ಇಲ್ಲ. ಇಂಜಿನ್ ಮುಂದೆ ಗೇರಿಗೆ ನೇರ ಕಚ್ಚಿಸಿರುತ್ತಾರೆ. ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕೂಡ ಅಲ್ಲಿಂದಲೇ ತಿರುಗೋದು. ಮೇಲಾಗಿ ಅದು 6 ವೋಲ್ಟ್ ಗಾಡಿ, ಈ ‘ಸಿ 40’ ಮಾಡೆಲ್ ಡೈನಮೊ 12 ವೋಲ್ಟ್. ಕೂರಿಸೋಕೇ ಆಗಲ್ಲ. ಇದು ಅಂಬಾಸಿಡರ್‌ದೇ.

ಸುಧತ್ತೆ: 😂😂

ದೊಡ್ಡಪ್ಪ: ನಮ್ಮ ಕಾಲದ ಮೆಕ್ಯಾನಿಕ್‌ಗಳು ಏನು ಬೇಕಾದರೂ ಕೂರಿಸುತ್ತಿದ್ದರು.

ನಾನು: ದೊಡ್ಡಪ್ಪ, ಗೇರ್ ತೆಗೆದು ಬೆಲ್ಟ್ ಹಾಕೋಕೆ ಅವರೇನು ಇಂಜಿನ್ನೇ ಹೊಸದಾಗಿ ಮಾಡುತ್ತಿದ್ರಾ?

ದೊಡ್ಡಪ್ಪ: ನೀನು ಸುಮ್ನಿರು. ಆಸ್ಟಿನ್ ಇತ್ತು, ಹಾರನ್ ನಾನೇ ಒತ್ತಿದ್ದೀನಿ. ಹರ್ಷ, ಬಾವಿ ಪಕ್ಕ ಅಗೆ. ಅಲ್ಲಿರುತ್ತೆ ಅದರ ಸಾಮಾನು.

ಹರ್ಷ: ನಾಳೆ ಬೆಳಿಗ್ಗೇನೇ ಅಗೀತೀನಿ!

ಅಮ್ಮ: ಭಾವ, ದಯವಿಟ್ಟು ಇವನನ್ನು ಹುರಿದುಂಬಿಸಬೇಡಿ. ಹರ್ಷ, ಬಾವಿ ಪಕ್ಕ ಹೋದ ವರ್ಷ ಹಾಕಿದ ಅಡಿಕೆ ಸಸಿ ಇದೆ. ಒಂದು ಬೇರು ಕಡಿದರೂ ಆ ಕೂಗೋ ಕೋಲು ಗುಜರಿಗೆ ಹೋಗುತ್ತೆ.